ಹದಿನೇಳನೇ ಪುಟದಿಂದ

ಪ್ರೆಸ್ಸಿನ ಹಿಂಬದಿಯ ಬೈಂಡಿಂಗ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಬೇರೆಯವರ ಪುಸ್ತಕ ಹೊಲಿದವಳು ಕೊನೆಗೊಮ್ಮೆ ತಾನೇ ಒಂದು ಪುಸ್ತಕ ಬರೆದಳು. ಎಲ್ಲರೂ ಅವಳನ್ನು ಸೂಜಿ ಅಕ್ಕ ಎಂದೇ ಕರೆಯುತ್ತಿದ್ದರು. ಕೈಯಲ್ಲಿ ಸೂಜಿ ಇಲ್ಲದಾಗ ಅದು ನಾಲಿಗೆಯಲ್ಲಿರುತ್ತದೆ ಎಂದು ನಗುತ್ತಿದ್ದರು. ಬರೆದದ್ದು ಐತಿಹಾಸಿಕ ಕಾದಂಬರಿ. ಮುತ್ತಿಗೆಗೆ ಸಿಕ್ಕ ಕೋಟೆಯೊಳಗೆ ಮನೆಮನೆಗೆ ನೀರು ಹೊರುವ ಹೆಂಗಸಿನ ಕತೆ.

ಮೊದಲ ಸಲ ಅವಳೂ ಎಲ್ಲರ ಹಾಗೆಯೇ ಶುರುಮಾಡಿದ್ದಳು. ರಾಜನ ಮುತ್ತಾತ ಯಾರು, ಯಾವ ಯುದ್ಧ ಗೆದ್ದ, ಕೋಟೆಗೆ ಬಾಗಿಲೆಷ್ಟು, ಬುರುಜೆಷ್ಟು ಅಂತ ಇಪ್ಪತ್ತು ಪುಟ. ಊಟದ ಬಿಡುವಿನಲ್ಲಿ ಅಂಟಜ್ಜನಿಗೆ ಓದಿ ಹೇಳಿದಳು. ಅಂಟು ಕಾಯಿಸುತ್ತಲೇ ಮುದುಕನಾದ ಅಜ್ಜ ನಾಲ್ಕನೇ ಪುಟಕ್ಕೆ ತೂಕಡಿಸಿದ.

"ಅಜ್ಜಾ, ಕೇಳಿಸ್ಕೊಳ್ತಿದೀಯಾ?"

"ಈ ಮುತ್ತಾತಂದಿರೆಲ್ಲ ಸತ್ತಾದ್ಮೇಲೆ ಎಬ್ಬಿಸಮ್ಮ," ಎಂದ ಅಜ್ಜ, ಕಣ್ಣು ತೆರೆಯದೆ. "ನೀರು ಹೊರೋಳು ಎಲ್ಲಿ ಹೋದ್ಲು?"

ಸೂಜಿ ಅಕ್ಕನಿಗೆ ಮೈಯೆಲ್ಲ ಉರಿಯಿತು. ಮನೆಗೆ ಹೋಗಿ ಮತ್ತೆ ಓದಿದಾಗ ಅವಳಿಗೇ ಆಕಳಿಕೆ ಬಂತು. ಇಪ್ಪತ್ತೂ ಪುಟ ಹರಿದುಹಾಕಿ ಹೊಸದಾಗಿ ಬರೆದಳು: 'ಅರಮನೆಯವರು ಬಂದು ಬಾವಿಯ ಹಗ್ಗ ಕತ್ತರಿಸಿಕೊಂಡು ಹೋದಾಗ ಅವಳ ಕೊಡ ಇನ್ನೂ ಬಾವಿಯೊಳಗೇ ಇತ್ತು.' ಹಗ್ಗ ಯಾಕೆ? ಫಿರಂಗಿ ಎಳೆಯಲು. ಫಿರಂಗಿ ಯಾಕೆ? ಹೊಳೆಯಾಚೆ ದಂಡು ಬಂದಿಳಿದಿದೆ. ಹೀಗೆ ಯುದ್ಧ ಹಗ್ಗದ ಬೆನ್ನಿಗೇ ಕತೆಯೊಳಗೆ ಬಂತು. ಕಾವಲಿನ ಸಿಪಾಯಿಗಳ ಭಾಷೆ ನೀರು ಹೊರುವವಳಿಗೆ ತಿಳಿಯುವುದಿಲ್ಲ ಎಂದಷ್ಟೇ ಬರೆದಳು. ರಾಜ ತನ್ನವರನ್ನು ನಂಬದೆ ಹೊರಗಿನವರನ್ನು ತರಿಸಿದ್ದಾನೆಂಬುದು ತಾನಾಗಿ ಗೊತ್ತಾಗುತ್ತಿತ್ತು. ರಾಜನ ಹೆಸರು ಬಂದದ್ದು ಹತ್ತನೇ ಪುಟದಲ್ಲಿ, ಅದೂ ಅವಳು ಶಾಪ ಹಾಕುವಾಗ.

ಪ್ರಕಾಶಕರು ಮೆಚ್ಚಿದರು. "ಆದರೆ ಹಿನ್ನೆಲೆ ಎಲ್ಲಮ್ಮ? ಯಾವ ಕಾಲ, ಯಾವ ವಂಶ?" ಎಂದರು.

"ಓದ್ತಾ ಹೋದ್ರೆ ಗೊತ್ತಾಗತ್ತೆ ಸರ್."

ಅವರು ತಲೆಯಾಡಿಸಿದರು. ಮಾತು ಮುಗಿಯಿತೆಂದು ಇವಳು ತಿಳಿದಳು.

ಎರಡು ತಿಂಗಳ ಮೇಲೆ ಅಚ್ಚಾದ ಹಾಳೆಗಳು ಅವಳ ಮೇಜಿಗೇ ಬಂದವು. ಹದಿನಾರು ಪುಟ ಒಟ್ಟಿಗೆ ಅಚ್ಚಾದ ಮೊದಲ ಹಾಳೆ, ಮೊದಲ ಫಾರಂ, ಮಡಿಸುತ್ತಿದ್ದಂತೆ ಕೈ ನಿಂತಿತು. ಆ ಹದಿನಾರು ಪುಟದಲ್ಲಿ ಅವಳ ಒಂದಕ್ಷರವೂ ಇರಲಿಲ್ಲ. ಮುತ್ತಾತ, ಅವನ ಯುದ್ಧ, ಬಾಗಿಲು, ಬುರುಜು. ಪ್ರಕಾಶಕರ ಸ್ನೇಹಿತರಾದ ಇತಿಹಾಸದ ಪ್ರೊಫೆಸರರು ಬರೆದುಕೊಟ್ಟದ್ದು, ಅವಳ ಹೆಸರಿನಲ್ಲೇ ಅಚ್ಚಾಗಿತ್ತು. ಅವಳ ಬಾವಿ ಇದ್ದದ್ದು ಹದಿನೇಳನೇ ಪುಟದಲ್ಲಿ.

ಸೂಜಿ ಅಕ್ಕ ಆ ಫಾರಂಗಳ ಕಟ್ಟನ್ನೆಲ್ಲ ನೆಲಕ್ಕೆ ಒಟ್ಟಿ ಅದರ ಮೇಲೆ ಕೂತುಬಿಟ್ಟಳು. ಫೋನು ಹೋಯಿತು. ಪ್ರಕಾಶಕರು ಏದುಸಿರು ಬಿಡುತ್ತ ಬಂದರು.

"ಇದೇನಮ್ಮ, ಪುಸ್ತಕದ ಮೇಲೇ ಕೂತುಬಿಟ್ಟಿದೀರಿ?"

"ಇದು ನನ್ನ ಪುಸ್ತಕ ಅಲ್ಲ ಸರ್. ಅದಕ್ಕೇ ಕೂತಿದೀನಿ."

"ದೊಡ್ಡ ವಿದ್ವಾಂಸರು ಬರೆದದ್ದು. ಹುಡುಕಿದ್ರೂ ಒಂದು ತಪ್ಪಿಲ್ಲ."

"ತಪ್ಪಿಲ್ಲ, ಜೀವಾನೂ ಇಲ್ಲ. ಬಾವೀಲಿ ಕೊಡ ಕಳ್ಕೊಂಡೋಳು ರಾಜನ ಮುತ್ತಾತನ ಹೆಸರು ಕೇಳ್ತಾಳಾ?"

"ಓದೋರಿಗೆ ತಲೆಬುಡ ತಿಳಿಯಲ್ಲಮ್ಮ."

"ಓದೋರು ದಡ್ಡರಾ? ಲೈಬ್ರರಿಯಿಂದ ಮತ್ತೆ ಹೊಲಿಯೋಕೆ ಬರೋ ಕಾದಂಬರಿಗಳನ್ನ ನಾನು ನೋಡಿದೀನಿ ಸರ್. ಮೊದಲ ಇಪ್ಪತ್ತು ಪುಟ ಕೈಕೊಳೆ ಹತ್ತಿ ಕಪ್ಪಾಗಿರ್ತಾವೆ. ಮುಂದಿನವು ಹಾಲಿನ ಹಾಗೆ ಬೆಳ್ಳಗೆ. ಅಲ್ಲಿಂದಾಚೆ ಯಾರೂ ಹೋಗೇ ಇಲ್ಲ!"

ಅಂಟಜ್ಜ ಒಲೆಯ ಹತ್ತಿರ ಕೆಮ್ಮಿದ. ಪ್ರಕಾಶಕರ ಮುಖ ಕೆಂಪಾಯಿತು.

"ಪುಟದ ನಂಬರ್ ಅಚ್ಚಾಗಿಹೋಗಿದೆ. ಇದನ್ನ ತೆಗೆದ್ರೆ ಪುಸ್ತಕ ಹದಿನೇಳರಿಂದ ಶುರುವಾಗತ್ತೆ. ಮತ್ತೆ ಅಚ್ಚು ಹಾಕಿಸೋದು ನನ್ನಿಂದಾಗಲ್ಲ."

"ಹದಿನೇಳರಿಂದಲೇ ಹೊಲೀತೀನಿ."

"ಜನ ನಗ್ತಾರೆ."

"ನಗ್ಲಿ. ಬರೆದೋಳೂ ನಾನೇ, ಹೊಲಿಯೋಳೂ ನಾನೇ. ಬೈಗುಳ ಬಂದ್ರೆ ನನಗೇ ಕಳಿಸಿ."

"ನಿಮ್ಮ ಹಣೆಬರಹ!" ಎಂದು ಅವರು ದಡದಡನೆ ಹೊರಟುಹೋದರು.

ಐನೂರು ಪ್ರತಿ ಹೊಲಿದಳು. ಮೊದಲ ಪ್ರತಿಗೆ ದಾರ ಪೋಣಿಸುವಾಗ ಪುಟದ ನಂಬರನ್ನು ಎರಡು ಸಲ ನೋಡಿದಳು, ಸುಳ್ಳೇಕೆ. ಆಮೇಲೆ ನೋಡಲಿಲ್ಲ.

ಪುಸ್ತಕ ಹೊರಗೆ ಹೋದ ವಾರಕ್ಕೆ ಕಾಗದಗಳು ಬಂದವು: ಹದಿನಾರು ಪುಟ ಕಾಣೆಯಾಗಿದೆ, ಬದಲಿ ಪ್ರತಿ ಕಳಿಸಿ. ಪ್ರಕಾಶಕರು ಒಂದೊಂದನ್ನೂ ಅವಳಿಗೆ ಕಳಿಸಿದರು. ಅವಳು ಒಂದೊಂದಕ್ಕೂ ಕಾರ್ಡು ಬರೆದಳು: 'ಏನೂ ಕಾಣೆಯಾಗಿಲ್ಲ. ಓದಿ. ತಿಳಿಯದಿದ್ದರೆ ಮತ್ತೆ ಬರೆಯಿರಿ.' ಮತ್ತೆ ಬರೆದವರು ಒಬ್ಬರೇ, ಆ ಪ್ರೊಫೆಸರರು. ತಮ್ಮ ಪುಟಗಳನ್ನು ಕಿತ್ತುಹಾಕಿದ ಸಿಟ್ಟು ಇಳಿದಿರಲಿಲ್ಲ. 'ಪೂರ್ತಿ ಓದಿದೆ. ಒಂದು ಬಾವಿಯ ಹಗ್ಗದಿಂದ ಫಿರಂಗಿ ಎಳೆಯಲಾಗದು' ಎಂದು ಬರೆದಿದ್ದರು.

"ಈ ಮಾತು ಮಾತ್ರ ಸರಿ ಅಜ್ಜಾ," ಎಂದಳು ಸೂಜಿ ಅಕ್ಕ. ಐನೂರು ಪ್ರತಿಯೂ ಖರ್ಚಾಗಿ ಎರಡನೇ ಮುದ್ರಣ ಬಂದಾಗ, ಕತೆಯೊಳಗೆ ಊರಿನ ಏಳು ಬಾವಿಗಳ ಹಗ್ಗ ಸೇರಿಸಿ ಹೊಸೆಸಿದಳು.

"ಅವರ ಹದಿನಾರು ಪುಟ ಕೊನೆಯಲ್ಲಾದ್ರೂ ಹಾಕೋಣವಾ?" ಎಂದು ಪ್ರಕಾಶಕರು ಮೆಲ್ಲಗೆ ಕೇಳಿದರು.

"ಹಗ್ಗದ ವಿಷಯಕ್ಕೆ ಒಂದು ಸಾಲು ಕೃತಜ್ಞತೆ ಹಾಕಿ," ಎಂದಳು. "ಅಷ್ಟೇ."