ಬೆಳಗಿನ ಸಾಲು, ಸಂಜೆಯ ಸಾಲು

"ಎತ್ತಬೇಡಿ, ಎಳೀರಿ. ತಳ ಹರಿದಿದೆ," ಎಂದು ಸತ್ತವನ ಹೆಂಡತಿ ಒಳಗಿನಿಂದಲೇ ಕೂಗಿದಳು.

ಪಾರ್ಸೆಲ್ ಆಫೀಸಿನಿಂದ ಬಂದಿದ್ದ ಇಬ್ಬರು ಹಜಾರದಲ್ಲಿ ಪೇರಿಸಿಟ್ಟಿದ್ದ ಟೈಲ್ಸ್ ಡಬ್ಬಗಳನ್ನು ಗೋಡೆಯ ಪಕ್ಕಕ್ಕೆ ಎಳೆಯುತ್ತಿದ್ದರು. ಅವುಗಳನ್ನು ಸರಿಸದೆ ಅವನನ್ನು ಮಲಗಿಸುವಷ್ಟು ಜಾಗವಿರಲಿಲ್ಲ. ಆಸ್ಪತ್ರೆಯ ವ್ಯಾನು ಆಗಲೇ ಬಂದು ಕೆಳಗೆ ನಿಂತಿತ್ತು. ಮೆಟ್ಟಿಲಿನಲ್ಲಿ ಹೊರುವವರ ಏದುಸಿರು ಕೇಳಿಸುತ್ತಿತ್ತು.

"ಇವನ್ನೆಲ್ಲ ಒಬ್ನೇ ಹೊತ್ಕೊಂಡು ಹತ್ತಿದ್ನಂತೆ ನೋಡು," ಎಂದ ಇಬ್ಬರಲ್ಲಿ ಹಿರಿಯ. ಅವನು ಆಫೀಸಿನ ಹಮಾಲಿ. ಎಲ್ಲರೂ ಗಡ್ಡ ಎನ್ನುತ್ತಿದ್ದರು. "ಆಫೀಸಲ್ಲಿ ಒಂದು ಗಂಟು ಹಿಡ್ಕೊಳೋ ಅಂದ್ರೆ, ನಾನು ತೂಕದವ್ನು ಕಣಯ್ಯ, ಎತ್ತೋನು ನೀನು ಅಂತಿದ್ದ."

ಸತ್ತವನು ಪಾರ್ಸೆಲ್ ಆಫೀಸಿನಲ್ಲಿ ತೂಕ ಮಾಡುವವನು. ಅಲ್ಲಿ ಅವನಿಗೆ ತಕ್ಕಡಿ ಎಂದೇ ಹೆಸರು. ಒಂದು ಲೋಟ ಟೀ ಕುಡಿಯಬೇಕೋ ಬೇಡವೋ ಎನ್ನುವುದನ್ನೂ ಅಳೆದು ತೂಗುವವನು ಎಂಬ ಕುಹಕವೂ ಆ ಹೆಸರಿನಲ್ಲಿತ್ತು. ಹಿಂದಿನ ದಿನ ತೂಕದ ಯಂತ್ರದ ಪಕ್ಕದಲ್ಲೇ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ.

ಅವನನ್ನು ತಂದು ಮಲಗಿಸಿದರು. ಹೊದಿಸಿದ ಬಿಳಿ ಬಟ್ಟೆಯ ತುದಿ ಡಬ್ಬಗಳಿಗೆ ತಾಗುತ್ತಿತ್ತು. ಮಗಳು ಅದನ್ನು ಮಡಚಿ ಕಾಲಿನ ಕೆಳಗೆ ಸೇರಿಸಿದಳು. ಅವಳು ಬೇರೆ ಊರಿನಲ್ಲಿ ಸಿದ್ಧ ಉಡುಪಿನ ಕಾರ್ಖಾನೆಯೊಂದರ ಮೇಲ್ವಿಚಾರಕಿ. ಬೆಳಗಿನ ಬಸ್ಸಿಗೆ ಬಂದಿದ್ದಳು. ತಂದೆಯ ಉಗುರಿನ ಸಂದಿಗಳಲ್ಲಿ ಬೂದು ಸಿಮೆಂಟು ಹಾಗೆಯೇ ಇತ್ತು. ಒರೆಸಿದವರು ಒರೆಸಿದ್ದರು, ಹೋಗಿರಲಿಲ್ಲ.

"ಮುಗೀತಾ ಅಮ್ಮ, ಅಡುಗೆಮನೆ?"

"ಮುಗಿದ ಹಾಗೇ. ಒಲೆ ಹಿಂದಿನ ಗೋಡೆ ಪೂರ್ತಿ ಆಗಿದೆ. ಸಿಂಕ್ ಕಡೆದು ಸ್ವಲ್ಪ ಬಾಕಿ. ಬರೋ ಭಾನುವಾರ ಅಂದಿದ್ರು."

"ಅವರ ಬರೋ ಭಾನುವಾರ ನಂಗೊತ್ತಿಲ್ವಾ," ಎಂದಳು ಮಗಳು. ಅಂದ ಮೇಲೆ ತುಟಿ ಕಚ್ಚಿಕೊಂಡು ತಂದೆಯ ಕೈಯನ್ನು ಬಟ್ಟೆಯೊಳಗೆ ಸರಿಸಿದಳು.

ಅಷ್ಟರಲ್ಲಿ ಮೇಸ್ತ್ರಿ ಬಂದ. ಹೆಂಡತಿಯ ಅಣ್ಣ, ಆ ಭಾಗದಲ್ಲಿ ಅವನ ಕೈ ತಾಗದ ಬಚ್ಚಲುಮನೆ ಕಡಿಮೆ. ಚಪ್ಪಲಿ ಕಳಚುವುದನ್ನೂ ಮರೆತು ನೇರ ಬಂದು ಭಾವನ ತಲೆಯ ಬಳಿ ಕುಳಿತ. "ಹೀಗೆ ಮಾಡ್ಬಿಟ್ರಲ್ಲ ಭಾವ," ಎಂದು ಜೋರಾಗಿಯೇ ಅತ್ತ. ಅದು ತೋರಿಕೆಯ ಅಳುವಲ್ಲ. ಅವನ ಭುಜ ಅದುರುವುದನ್ನು ನೋಡಿ ತಂಗಿಗೂ ಅಳು ಬಂತು.

◆

ವರ್ಷಗಳ ಹಿಂದೆ ಇವರ ಬಚ್ಚಲುಮನೆಯನ್ನು ಮೇಸ್ತ್ರಿಯೇ ಮಾಡಿಕೊಟ್ಟಿದ್ದ. ಚೆನ್ನಾಗಿಯೇ ಮಾಡಿದ್ದ, ಅದರಲ್ಲಿ ಎರಡು ಮಾತಿಲ್ಲ. ಕಷ್ಟವೆಂದರೆ, ಬಚ್ಚಲು ಮುಗಿದರೂ ಬಚ್ಚಲಿನ ಮಾತು ಮುಗಿಯಲಿಲ್ಲ. ಯಾರದೋ ಮದುವೆಯಿರಲಿ, ಯಾರೋ ಹುಷಾರಿಲ್ಲದೆ ಮಲಗಿರಲಿ, ಮೇಸ್ತ್ರಿ ಭಾವನ ಬೆನ್ನು ತಟ್ಟಿ, "ಏನ್ ಭಾವ, ನೀರು ಸರಾಗವಾಗಿ ಹೋಗ್ತಿದೆ ತಾನೆ? ನಾನಿಲ್ದಿದ್ರೆ ಇವತ್ತಿಗೂ ಮಗ್ಗು ಹಿಡ್ಕೊಂಡು ಮೊಣಕಾಲುದ್ದ ನೀರಲ್ಲಿ ನಿಂತಿರ್ತಿದ್ರಿ," ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಇವನೂ ನಗುತ್ತಿದ್ದ. ಮನೆಗೆ ಬಂದು ಅದೇ ಬಚ್ಚಲಿನಲ್ಲಿ ಸ್ನಾನ ಮಾಡುವಾಗ ಒಬ್ಬನೇ ಗೊಣಗುತ್ತಿದ್ದ.

ಅಡುಗೆಮನೆಯ ಕಟ್ಟೆ ಬಿರುಕು ಬಿಟ್ಟು, ಮರದ ಕಪಾಟಿಗೆ ಗೆದ್ದಲು ಹತ್ತಿ, ಸಿಂಕಿನ ನೀರು ಗೋಡೆಗೆ ಇಳಿಯತೊಡಗಿದಾಗ ಹೆಂಡತಿ ಹೇಳಿದಳು: "ಅಣ್ಣಂಗೆ ಒಂದು ಮಾತು ಹೇಳ್ಲಾ?"

"ಬೇಡ. ನಾನೇ ಮಾಡ್ತೀನಿ."

"ನೀವು ಒಂದು ಮೊಳೆ ಹೊಡೆದ್ರೆ ಗೋಡೆ ಅಲ್ಲ, ಬೆರಳು ಒಡೆಯುತ್ತೆ."

"ಕಲೀತೀನಿ. ಅವನೇನು ಹುಟ್ಟುವಾಗ್ಲೇ ಕರಣೆ ಹಿಡ್ಕೊಂಡು ಬಂದಿದ್ನಾ?"

ಕಲಿತ. ಆಫೀಸಿಗೆ ಹೋಗುವ ಮುಂಚೆ ಒಂದಿಷ್ಟು, ಬಂದ ಮೇಲೆ ಒಂದಿಷ್ಟು, ರಜೆಯ ದಿನ ಪೂರ್ತಿ. ಹಳೆಯ ಕಟ್ಟೆಯನ್ನು ತಾನೇ ಒಡೆದು, ಅದರ ಚೂರುಗಳನ್ನು ಚೀಲದಲ್ಲಿ ತುಂಬಿ ಆಫೀಸಿಗೆ ಹೋಗುವ ದಾರಿಯಲ್ಲಿ ಚೆಲ್ಲುತ್ತಿದ್ದ. ಹೆಂಡತಿ ಹಜಾರದ ಮೂಲೆಯಲ್ಲಿ ಒಂದೇ ಬರ್ನರಿನ ಒಲೆ ಇಟ್ಟುಕೊಂಡು ಅಡುಗೆ ಮಾಡಿದಳು. ಸ್ವಲ್ಪ ದಿನ ಎಂದುಕೊಂಡಿದ್ದು ವರ್ಷ ದಾಟಿತು. "ಸಿಮೆಂಟು ತಿಂದೂ ತಿಂದೂ ಹೊಟ್ಟೆ ಗೋಡೆಯಾಗಿದೆ, ಇನ್ನು ಬಣ್ಣ ಹೊಡ್ಸೋದೊಂದು ಬಾಕಿ," ಎಂದು ಮಗಳು ತಟ್ಟೆ ಸರಿಸಿ ಎದ್ದದ್ದುಂಟು. ಬೇರೆ ಊರಿನ ಕೆಲಸ ಸಿಕ್ಕಾಗ ಅವಳು ಒಂದು ದಿನವೂ ಯೋಚಿಸಲಿಲ್ಲ.

ಅವನು ಸಿಡುಕುತ್ತಿರಲಿಲ್ಲ. ಒಂದು ಸಂಜೆ, ಒಲೆಯ ಹಿಂದಿನ ಗೋಡೆಗೆ ಟೈಲ್ಸ್ ಶುರು ಮಾಡಿದ ಹೊಸದರಲ್ಲಿ, ಕೈ ತೊಳೆಯುತ್ತಾ ಹೆಂಡತಿಗೆ ಹೇಳಿದ್ದ: "ಇದೊಂದು ಮುಗೀಲಿ. ನಿಮ್ಮಣ್ಣನ್ನ ಕರೆಯೋಣ. ನಾನೇನೂ ಹೇಳಲ್ಲ. ನೀನೂ ಹೇಳ್ಬೇಡ. ಸುಮ್ನೆ ಈ ಗೋಡೆ ಎದುರಿಗೆ ಕೂರಿಸಿ ಟೀ ಕೊಡೋಣ. ಅವನು ನೋಡ್ಲಿ, ಸಾಕು."

◆

ಮೇಸ್ತ್ರಿ ಕಣ್ಣೊರೆಸಿಕೊಂಡು ನೀರು ಕುಡಿಯಲು ಅಡುಗೆಮನೆಗೆ ಹೋದ. ಗಡ್ಡನೂ ಹಿಂದೆಯೇ ಹೋದ. ಹೆಂಡತಿ ದೇಹದ ಪಕ್ಕದಲ್ಲಿ, ಬಾಗಿಲಿಗೆ ಬೆನ್ನು ಮಾಡಿ ಕುಳಿತಿದ್ದಳು. ಕಿವಿಯೆಲ್ಲ ಅಲ್ಲೇ ಇತ್ತು. ಗಂಡನ ಎದುರಿಗೇ ಅಣ್ಣ ಆ ಗೋಡೆ ನೋಡುತ್ತಿದ್ದಾನೆ ಎಂದು, ಅಂಥ ಹೊತ್ತಿನಲ್ಲೂ, ಅವಳು ನೆಟ್ಟಗಾಗಿ ಕುಳಿತಳು.

"ಅಬ್ಬಾ," ಎಂದ ಮೇಸ್ತ್ರಿ. "ಗೆರೆ ನೋಡಯ್ಯ. ದಾರ ಹಿಡಿದ ಹಾಗಿದೆ. ನನ್ನ ಹುಡುಗ್ರಿಗೂ ಇಷ್ಟು ನೀಟಾಗಿ ಬರಲ್ಲ."

ಹೆಂಡತಿ ಗಂಡನ ಮುಖ ನೋಡಿದಳು.

ಆಮೇಲೆ ತಟ್ಟುವ ಸದ್ದು. ಮೇಸ್ತ್ರಿಯ ಕೈ ಸುಮ್ಮನಿರುವ ಕೈಯಲ್ಲ; ಯಾರ ಮನೆಗೆ ಹೋದರೂ ಗೋಡೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುವುದು ಅವನ ಅಭ್ಯಾಸ. ಟಕ್, ಟಕ್, ಟಕ್ ಎಂದು ಬಿಗಿಯಾದ ಸದ್ದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತು. ಮತ್ತೆ ಮೊದಲಿನಿಂದ, ಸ್ವಲ್ಪ ಮೇಲಿನಿಂದ: ಡೊಬ್, ಡೊಬ್, ಡೊಬ್. ಖಾಲಿ ಡಬ್ಬಿಯ ಸದ್ದು.

"ಅಯ್ಯೋ," ಎಂದು ಮೇಸ್ತ್ರಿ ದನಿ ತಗ್ಗಿಸಿದ. "ಇದೇನಯ್ಯ ಇದು. ಒಂದು ಸಾಲು ಗಟ್ಟಿ, ಒಂದು ಸಾಲು ಟೊಳ್ಳು. ಕೇಳು. ಇದು ಗಟ್ಟಿ. ಇದು ಹಿಡಿದೇ ಇಲ್ಲ. ಪಕ್ಕದವುಗಳ ಆಸರೆಗೆ ನಿಂತಿದೆ ಅಷ್ಟೆ."

"ಹಂಗ್ಯಾಕೆ?"

"ಬೆಳಿಗ್ಗೆ ಕಲಸಿದ್ದಾನೆ, ಅರ್ಧ ಬಳಸಿ ಕೆಲಸಕ್ಕೆ ಹೋಗಿದ್ದಾನೆ. ಸಂಜೆ ಬಂದು ನೋಡಿದ್ರೆ ಬಿಗಿದಿರುತ್ತೆ. ನೀರು ಸುರಿದು ಮತ್ತೆ ಕಲಸಿ ಮೆತ್ತಿದ್ದಾನೆ. ಒಂದ್ಸಲ ಬಿಗಿಯೋಕೆ ಶುರುವಾದ ಸಿಮೆಂಟಿಗೆ ನೀರು ಹಾಕಿದ್ರೆ ಅದು ಮೆತ್ತಗೇನೋ ಆಗುತ್ತೆ, ಆದ್ರೆ ಸತ್ತಿರುತ್ತೆ. ಇದು ನಮ್ಮಲ್ಲಿ ನಿನ್ನೆ ಸೇರಿದ ಹುಡುಗನಿಗೂ ಗೊತ್ತು." ನಿಟ್ಟುಸಿರು ಬಿಟ್ಟ. "ಈಗ ಅನ್ನಬಾರದು. ಆದ್ರೆ ಒಂದು ಮಾತು ಕೇಳಿದ್ರೆ ಏನಾಗ್ತಿತ್ತು ಇವನಿಗೆ? ಚೀಲದ ಮೇಲೆ ಬರೆದಿರುತ್ತಪ್ಪ, ಅದನ್ನಾದ್ರೂ ಓದಬಾರದಾ?"

"ಎಲ್ಲ ತೂಕ ಹಾಕೋನು, ಇದೊಂದ್ರಲ್ಲಿ ಕೈಯಳತೆ ಮಾಡ್ಬಿಟ್ನಲ್ಲ," ಎಂದ ಗಡ್ಡ. ಇಬ್ಬರೂ ಸಣ್ಣಗೆ, ನೋವಿನಿಂದಲೇ ನಕ್ಕರು.

ಹೆಂಡತಿ ಎದ್ದು ನಿಲ್ಲಲು ಹೋದಳು. ಮಗಳು ಅವಳ ತೋಳು ಹಿಡಿದು ಮತ್ತೆ ಕೂರಿಸಿದಳು.

◆

ಅವನು ಚೀಲದ ಮೇಲೆ ಬರೆದದ್ದನ್ನು ಓದಿದ್ದ. ಒಮ್ಮೆಯಲ್ಲ, ದಿನವೂ ಓದುತ್ತಿದ್ದ. ಪುಡಿಯನ್ನು ಅಡುಗೆಯ ತಕ್ಕಡಿಯಲ್ಲಿ ತೂಗಿ, ನೀರನ್ನು ಗೆರೆಯಿದ್ದ ಲೋಟದಲ್ಲಿ ಅಳೆದು, ಬಕೆಟ್ಟಿನಲ್ಲಿ ಕಲಸಿ ಬೆಳಗಿನ ಸಾಲು ಅಂಟಿಸುತ್ತಿದ್ದ. ಎಷ್ಟೇ ಅಂದಾಜು ಮಾಡಿದರೂ ಹೊರಡುವ ಹೊತ್ತಿಗೆ ಬಕೆಟ್ಟಿನಲ್ಲಿ ಸುಮಾರು ಉಳಿಯುತ್ತಿತ್ತು.

"ಇದನ್ನ ಚೆಲ್ಲಿಬಿಡು. ಇಟ್ಕೊಂಡ್ರೆ ಪ್ರಯೋಜನ ಇಲ್ಲ. ನಾನು ಬರೋ ಹೊತ್ತಿಗೆ ಇದೇ ಅಳತೆಗೆ ಹೊಸದು ಕಲಸಿಡು, ಬೆಳಕಿರುವಾಗ್ಲೇ ಇನ್ನೊಂದು ಸಾಲು ಮುಗಿಸ್ತೀನಿ," ಎಂದು ಹೇಳಿ, ಅಳತೆಯನ್ನು ಹೆಂಡತಿಯಿಂದ ಬಾಯಲ್ಲಿ ಹೇಳಿಸಿ ಹೋಗುತ್ತಿದ್ದ.

ಮೊದಲ ದಿನ ಅವಳು ಬಕೆಟ್ಟನ್ನು ಬಾಗಿಲವರೆಗೆ ಒಯ್ದಳು. ಚೆಲ್ಲಲು ಕೈ ಬರಲಿಲ್ಲ. ಆ ಚೀಲವನ್ನು ಹೊತ್ತು ಮೇಲೆ ಬಂದವನು ಗೋಡೆಗೆ ಒರಗಿ ಎದೆ ನೀವಿಕೊಂಡಿದ್ದನ್ನು ಅವಳು ನೋಡಿದ್ದಳು. ಕೇಳಿದರೆ, "ಭಾರಕ್ಕೆ ಹಿಡ್ಕೊಂಡಿದೆ," ಎಂದಿದ್ದ. ಇದನ್ನು ಚೆಲ್ಲಿದಷ್ಟೂ ಇನ್ನೊಂದು ಚೀಲ ಬೇಗ ಬೇಕಾಗುತ್ತದೆ. ಮುಟ್ಟಿ ನೋಡಿದರೆ ಹದವಾಗಿ ಕಲಸಿದ ಹಿಟ್ಟಿನ ಹಾಗೇ ಇತ್ತು. ಹಿಟ್ಟು ಗಟ್ಟಿಯಾದರೆ ಯಾರಾದರೂ ಚೆಲ್ಲುತ್ತಾರೆಯೇ? ನೀರು ಚಿಮುಕಿಸಿ ನಾದಿ, ಮೇಲೆ ಒದ್ದೆ ಬಟ್ಟೆ ಮುಚ್ಚಿಡುತ್ತಾರೆ.

ಹಾಗೇ ಮಾಡಿದಳು. ಕೆಲಸದ ನಡುವೆ ಬಂದು ಬಂದು ಬಟ್ಟೆ ಎತ್ತಿ, ನೀರು ಹಾಕಿ, ಕೋಲಿನಿಂದ ತಿರುವಿದಳು. ಅವನು ಬರುವ ಮುಂಚೆ ಹೊಸ ಪುಡಿಯನ್ನು ಒಂದಿಷ್ಟು ನೆಲಕ್ಕೆ ಉದುರಿಸಿಟ್ಟಳು, ಈಗಷ್ಟೇ ಕಲಸಿದ ಹಾಗೆ ಕಾಣಲೆಂದು.

ಅವನು ಬಕೆಟ್ಟಿನಲ್ಲಿ ಕರಣೆ ಅದ್ದಿ ಎತ್ತಿದ. "ಏನ್ ಹದ ಇದು! ಬೆಣ್ಣೆ ಹಾಗಿದೆ. ನಾನು ಕಲಸಿದ್ರೆ ಗಂಟು ಬರುತ್ತೆ. ಈ ಕೆಲಸಕ್ಕೆ ನಿನ್ನ ಕೈಯೇ ಸರಿ."

ಅವಳ ಕೈಯನ್ನು ಅವನು ಹೊಗಳಿದ್ದು ಎಷ್ಟೋ ಕಾಲದ ಮೇಲೆ. ಅವಳು ನಕ್ಕು ದೀಪ ಹಿಡಿದು ನಿಂತಳು. ಮರುದಿನವೂ ಬಕೆಟ್ಟಿಗೆ ನೀರು ಹಾಕಿದಳು. ಅದರ ಮರುದಿನವೂ.

◆

ವ್ಯಾನಿನ ಹಿಂದೆ ಎಲ್ಲರೂ ಹೋಗಿ, ಸಂಸ್ಕಾರ ಮುಗಿಸಿ ಬಂದರು. ಬಂದವರಿಗೆ ಬಿಸಿಯಾಗಿ ಏನಾದರೂ ಕೊಡಬೇಕೆಂದು ಮೇಸ್ತ್ರಿಯ ಹೆಂಡತಿ ಅಡುಗೆಮನೆಯ ಹೊಸ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರಿಟ್ಟಳು. ನೀರು ಕುದಿಯಿತು. ಗೋಡೆಯ ತುಂಬ ಆವಿ ಏರಿತು. ಯಾರೂ ಮುಟ್ಟದಿದ್ದರೂ ಒಂದು ಟೈಲು ಕಳಚಿ ಅವಳ ಮೊಣಕೈ ಸವರಿಕೊಂಡು ಕಟ್ಟೆಯ ಮೇಲೆ ಬಿತ್ತು.

ಅವಳು ಕಿರುಚಿದಳು. ಎಲ್ಲರೂ ಒಳಗೆ ನುಗ್ಗಿದರು. ಮೇಸ್ತ್ರಿ ಒಲೆ ಆರಿಸಿ ಹೆಂಡತಿಯನ್ನು ಪಕ್ಕಕ್ಕೆ ಎಳೆದ.

"ನಾನು ಆಗ್ಲೇ ಹೇಳಿದ್ನಲ್ಲ. ಸದ್ಯ, ತಲೆ ಮೇಲೆ ಬೀಳಲಿಲ್ಲ. ಭಾವ ಮಾಡಿದ ಕೆಲಸ ಇದು, ನೋಡಿ. ಬಿಗಿದ ಸಿಮೆಂಟಿಗೆ ನೀರು."

"ಅಪ್ಪನ ಹಠ," ಎಂದಳು ಮಗಳು. "ಒಂದು ವರ್ಷ ನಮ್ಮನ್ನೆಲ್ಲ ಧೂಳಲ್ಲಿಟ್ಟು ಮಾಡಿದ್ದು ಇದೇನಾ?"

"ನೀರು ಹಾಕಿದ್ದು ಅವರಲ್ಲ," ಎಂದಳು ಸತ್ತವನ ಹೆಂಡತಿ.

ಎಲ್ಲರೂ ತಿರುಗಿದರು.

"ನಾನು. ಚೆಲ್ಲು ಅಂತ ಹೇಳಿ ಹೋಗ್ತಿದ್ರು. ಹೊಸದು ಕಲಸಿಡು ಅಂತಿದ್ರು. ನಾನೇ ಚೆಲ್ಲಲಿಲ್ಲ. ನೀರು ಹಾಕಿ ಹೊಸದು ಅಂತ ಕೊಟ್ಟೆ. ಅವರಿಗೆ ಗೊತ್ತೇ ಇರ್ಲಿಲ್ಲ. ಅಣ್ಣ, ಗಟ್ಟಿ ಇರೋ ಸಾಲು ಅವರು ಕಲಸಿದ್ದು. ಟೊಳ್ಳು ಇರೋದು ನನ್ನದು."

ಮೇಸ್ತ್ರಿಯ ಹೆಂಡತಿ ಬಂದು ಅವಳನ್ನು ತಬ್ಬಿಕೊಂಡಳು. "ಆಯ್ತು ಕಣೆ, ಆಯ್ತು. ಈಗ ಅದೆಲ್ಲ ಯಾಕೆ."

"ಅಲ್ಲ ಅತ್ತಿಗೆ, ನಿಜವಾಗ್ಲೂ. ತೂಕ ಹಾಕಿ ಕಲಸ್ತಿದ್ರು ಅವರು."

"ಅಮ್ಮ, ಬಿಡು," ಎಂದಳು ಮಗಳು. ಸಿಟ್ಟಿರಲಿಲ್ಲ, ದಣಿವಿತ್ತು. "ಬದುಕಿದ್ದಷ್ಟು ದಿನ ಅವರ ತಪ್ಪನ್ನೆಲ್ಲ ನೀನೇ ಮೈಮೇಲೆ ಹಾಕ್ಕೊಂಡೆ. ಇವತ್ತೂ ಬೇಕಾ?"

"ಪುಣ್ಯ ಮಾಡಿದ್ದ ತಕ್ಕಡಿ," ಎಂದ ಗಡ್ಡ ಬಾಗಿಲಲ್ಲಿ ನಿಂತು, ಕಣ್ಣು ಒರೆಸಿಕೊಳ್ಳುತ್ತಾ. "ಬಿಟ್ಟು ಕೊಡಲ್ಲ ನೋಡಿ ಗಂಡನ್ನ."

ಅವಳು ಅಣ್ಣನ ಮುಖ ನೋಡಿದಳು. ಕಸುಬು ಗೊತ್ತಿದ್ದವನು ಅವನೊಬ್ಬನೇ. ಅವನು ತಂಗಿಯ ತಲೆಯ ಮೇಲೆ ಕೈಯಿಟ್ಟ.

"ನೀನು ಯಾಕೆ ಚಿಂತೆ ಮಾಡ್ತೀಯ? ಈ ಗೋಡೆ ಪೂರ್ತಿ ತೆಗೆದು ನಾನೇ ಹೊಸದಾಗಿ ಮಾಡ್ಕೊಡ್ತೀನಿ. ನಾನಿಲ್ವಾ?"

"ಗಟ್ಟಿ ಇರೋದನ್ನಾದ್ರೂ ಬಿಡಣ್ಣ."

"ಅರ್ಧ ಬಿಟ್ಟು ಅರ್ಧ ಹಾಕಿದ್ರೆ ಮಟ್ಟ ಸಿಗಲ್ಲ ಕಣಮ್ಮ. ನೀನು ಹೋಗಿ ಕೂತ್ಕೋ."

ಅವಳು ಹೋಗಲಿಲ್ಲ. ಒಲೆಯ ಮೇಲಿರುವಷ್ಟು ಟೈಲುಗಳನ್ನು ಈಗಲೇ ಇಳಿಸದಿದ್ದರೆ ಇನ್ನೊಬ್ಬರ ಮೇಲೆ ಬೀಳುತ್ತದೆಂದು ಮೇಸ್ತ್ರಿ ಕಪಾಟಿನ ಕೆಳಗಿದ್ದ ಭಾವನ ಸುತ್ತಿಗೆ, ಚಾಣಗಳನ್ನು ಎಳೆದುಕೊಂಡು ಅಂಗಿಯ ತೋಳು ಮಡಚಿದ. ಮೊದಲು ಸಂಜೆಯ ಸಾಲು. ಅದಕ್ಕೆ ಚಾಣವೂ ಬೇಕಾಗಲಿಲ್ಲ. ಉಗುರು ಹಾಕಿದರೆ ಸಾಕು, ಟೈಲುಗಳು ಒಂದೊಂದಾಗಿ ಕೈಗೆ ಬಂದವು. ಒಂದರ ಮೂಲೆಯೂ ಮುಕ್ಕಾಗಿರಲಿಲ್ಲ. ಮಗಳು ಅವುಗಳ ಬೆನ್ನನ್ನು ಸೆರಗಿನಿಂದ ಒರೆಸಿದಳು. ಬೂದು ಪುಡಿ ಉದುರಿತು. ಒಳಗೆ ಅಂಗಡಿಯಿಂದ ಈಗ ತಂದಷ್ಟು ಚೊಕ್ಕಟವಾಗಿತ್ತು. ಊಟದ ತಟ್ಟೆಗಳ ಹಾಗೆ ಒಂದರ ಮೇಲೊಂದು ಪೇರಿಸುತ್ತಾ ಹೋದಳು.

"ಇವೆಲ್ಲ ಮತ್ತೆ ಉಪಯೋಗಕ್ಕೆ ಬರ್ತಾವೆ ಮಾವ."

"ಬರ್ತಾವೆ, ಬರ್ತಾವೆ. ಎತ್ತಿಡು."

ಆಮೇಲೆ ಅವನು ಬೆಳಗಿನ ಸಾಲಿಗೆ ಚಾಣವಿಟ್ಟು ಹೊಡೆದ. ಅದು ಕದಲಲಿಲ್ಲ. ಇನ್ನೊಮ್ಮೆ ಹೊಡೆದ. ಮೂರನೆಯ ಏಟಿಗೆ ಟೈಲಿನ ಮುಖ ಚಟ್ಟೆಂದು ಸಿಡಿದು ನೆಲದ ತುಂಬ ಚೂರಾಯಿತು. ಅದರ ನಾಲ್ಕು ಮೂಲೆಗಳು ಮಾತ್ರ ಗೋಡೆಯಲ್ಲಿ, ಇದ್ದ ಜಾಗದಲ್ಲೇ, ಗೆರೆ ತಪ್ಪದೆ ಉಳಿದಿದ್ದವು.