ದುಭಾಷಿಯ ಎರಡನೆಯ ಮಾತು

ಪರರ ಆಳ್ವಿಕೆ ಹೋಗಿ ಹನ್ನೆರಡು ವರ್ಷವಾಗಿತ್ತು. ಅವರು ತಮ್ಮ ಬೇಟೆಗೆಂದು ಕಾಯ್ದಿಟ್ಟಿದ್ದ ಕಾಡನ್ನೇ ಈಗ ಸ್ವಂತ ಸರ್ಕಾರ ರಾಷ್ಟ್ರೀಯ ಉದ್ಯಾನ ಮಾಡಹೊರಟಿತ್ತು. ಒಳಗಿದ್ದ ಹಳ್ಳಿಯನ್ನು ಎತ್ತಂಗಡಿ ಮಾಡಬೇಕೇ ಎಂದು ವರದಿ ಕೊಡಲು ಹೊರದೇಶದ ತಜ್ಞನೊಬ್ಬ ಬಂದ. ಅವನ ಮಾತನ್ನು ಊರವರಿಗೆ, ಊರವರದ್ದನ್ನು ಅವನಿಗೆ ದಾಟಿಸುವುದು ದುಭಾಷಿಯ ಕೆಲಸ. ಅರಣ್ಯ ಕಚೇರಿಯಲ್ಲಿ ಅವಳ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ.

ಶಾಲೆಯ ಕೋಣೆಯಲ್ಲಿ ಸಭೆ. ಮಕ್ಕಳ ಬೆಂಚುಗಳಲ್ಲಿ ಊರಿನವರು ಮೊಣಕಾಲು ಮುದುಡಿ ಕೂತಿದ್ದರು. ತಜ್ಞ ಟೋಪಿ ತೆಗೆದು ಅವನ ಹರಿದ ಕಿವಿ ಕಂಡದ್ದೇ ತಡ, ಮುಂದಿನ ಬೆಂಚಿನ ಮುದುಕಿ ಎದ್ದು ನಿಂತಳು.

"ಈ ಕಿವಿ ಹರಿದವನು ನಂಗೊತ್ತು. ಪರರ ಕಾಲದಲ್ಲಿ ಇಲ್ಲಿ ಸಾಹೇಬನಾಗಿದ್ದ, ಆಗ ಇವನಿಗೆ ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ. ಕಾಡು ಅವರ್ದು ಅಂತ ನಮ್ಮಪ್ಪನ ಬಿಲ್ಲು ಮುರಿದು ಜೈಲಿಗೆ ಹಾಕಿಸ್ದ. ಈಗ ಮತ್ತೆ ಯಾಕೆ ಬಂದ, ಕೇಳಮ್ಮಾ."

ದುಭಾಷಿಯ ಪಕ್ಕದಲ್ಲಿದ್ದ ಅರಣ್ಯ ಕಚೇರಿಯ ನಿರ್ದೇಶಕರು ತುಟಿ ಅಲ್ಲಾಡಿಸದೆ, "ಸ್ವಾಗತ ಹೇಳ್ತಿದ್ದಾಳೆ ಅನ್ನಿ," ಎಂದರು.

ಅವಳು ಹಾಗೇ ಅಂದಳು. ತಜ್ಞ ಮುಖವರಳಿಸಿ ತನ್ನ ಭಾಷೆಯಲ್ಲಿ ಧನ್ಯವಾದ ಹೇಳಿ ಮುದುಕಿಯ ಕೈ ಕುಲುಕಿದ.

ಮುದುಕಿ ಕೈ ಬಿಡಿಸಿಕೊಂಡು ದುಭಾಷಿಯನ್ನೇ ನೋಡಿದಳು. "ಏನಂದ?"

ದುಭಾಷಿ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ತಜ್ಞ ಆಗಲೇ ನಕ್ಷೆ ಬಿಚ್ಚತೊಡಗಿದ್ದ. ಅವಳು ಎದ್ದು, "ನಾನು ತಪ್ಪು ಹೇಳಿದೆ," ಎಂದವಳೇ ಮುದುಕಿಯ ಮಾತನ್ನು ಒಂದಕ್ಷರ ಬಿಡದೆ ಅವನ ಭಾಷೆಯಲ್ಲಿ ಹೇಳಿಬಿಟ್ಟಳು.

ತಜ್ಞನ ಕೈ ತಾನಾಗಿ ಕಿವಿಗೆ ಹೋಯಿತು. "ಆಗಿನ ಕಾನೂನು ಹಾಗಿತ್ತು. ಪ್ರಾಣಿಗಳು ಉಳಿಯೋದು ಇವರಿಗೆ ಬೇಡವಾ, ಕೇಳಿ."

"ಬಂಗಲೆ ಗೋಡೆ ತುಂಬ ಕೊಂದ ಪ್ರಾಣಿಗಳ ತಲೆ ನೇತುಹಾಕಿದ್ದು ಇವನೇ. ಉಳಿದಿರೋದನ್ನ ಉಳಿಸಿದ್ಯಾರಂತೆ?" ಎಂದಳು ಮುದುಕಿ. ಬೆಂಚುಗಳಲ್ಲಿ ನಗೆಯೆದ್ದಿತು. ದುಭಾಷಿ ಅದನ್ನೂ ದಾಟಿಸಿದಳು.

ವಾಪಸು ಬರುವಾಗ ಜೀಪಿನಲ್ಲಿ ಅವಳಿಗೆ ಜಾಗವಿರಲಿಲ್ಲ. ಮೂರನೆಯ ದಿನ ಕೆಲಸದಿಂದ ತೆಗೆದ ಕಾಗದ ಬಂತು. ಗ್ರಾಮಸ್ಥರು ಯೋಜನೆಯನ್ನು ಸ್ವಾಗತಿಸಿದರೆಂದೇ ವರದಿಯಾಗಿ, ತೆರವಿನ ಆದೇಶವೂ ಹೊರಟಿತು.

"ಬಾಯಿ ಮುಚ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?" ಎಂದು ಅಕ್ಕ ರೇಗಿದಳು. ದುಭಾಷಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಸಭೆಯಲ್ಲಿ ಬರೆದುಕೊಂಡಿದ್ದ ಪುಸ್ತಕ ಹಿಡಿದು ತೆರವಿನ ವಿರುದ್ಧ ಕೋರ್ಟಿಗೆ ಹೋಗಿದ್ದ ಊರವರ ವಕೀಲನ ಬಾಗಿಲು ತಟ್ಟಿದಳು.

"ಎರಡು ಥರ ಹೇಳಿದ್ದೀರಲ್ಲ, ಯಾವುದನ್ನು ನಂಬೋಣ?" ಎಂದು ಕೋರ್ಟಿನಲ್ಲಿ ಸಾಕ್ಷಿ ಹೇಳಲು ನಿಂತ ಅವಳನ್ನು ಸರ್ಕಾರಿ ವಕೀಲ ಕುಟುಕಿದ.

"ಎರಡನೆಯದನ್ನ. ಮೊದಲನೆಯದು ಕೆಲಸ ಹೋದೀತು ಅನ್ನೋ ಭಯಕ್ಕೆ ಹೇಳಿದ್ದು. ಅದನ್ನೂ ಬರ್ಕೊಳ್ಳಿ."

ತೆರವಿಗೆ ಆರು ತಿಂಗಳ ತಡೆಯಾಜ್ಞೆ ಸಿಕ್ಕಿತು. ಮೆಟ್ಟಿಲಿಳಿಯುತ್ತ ಮುದುಕಿ ಅವಳ ತೋಳು ಹಿಡಿದುಕೊಂಡಳು. "ಆರು ತಿಂಗಳಾದ್ಮೇಲೆ?"

"ಗೊತ್ತಿಲ್ಲ ಅಜ್ಜಿ. ಕರೆದ್ರೆ ಮತ್ತೆ ಬಂದು ಹೇಳ್ತೀನಿ."