ಏಳನೇ ನಂಬರಿನ ಕಂಪ್ಯೂಟರಿಗೆ ಗೊತ್ತಿಲ್ಲದ ಹೆಸರು

ನಾನು ಒಂದು ಕಂಪ್ಯೂಟರ್. ಹಾಗೆಂದು ಬೀಗುವಂಥ ಹುಟ್ಟೇನೂ ನನ್ನದಲ್ಲ. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಮೂರು ಕಡೆಯ ಬಿಡಿಭಾಗಗಳನ್ನು ಕೂಡಿಸಿ ಸ್ಕ್ರೂ ಬಿಗಿದಾಗ ಕಣ್ಣುಬಿಟ್ಟೆ. ಮೊದಲ ನಾಲ್ಕು ವರ್ಷ ಒಬ್ಬ ವಕೀಲರ ಕಚೇರಿಯಲ್ಲಿದ್ದೆ. ಅವರು ಹೊಸದನ್ನು ಕೊಂಡಾಗ ನನ್ನನ್ನು ರಾಣೆಬೆನ್ನೂರಿನ ಒಂದು ತರಬೇತಿ ಕೇಂದ್ರಕ್ಕೆ ದಾನ ಕೊಟ್ಟರು. ಅಲ್ಲಿ ನನ್ನ ನೆತ್ತಿಯ ಮೇಲೆ ಬಿಳಿ ಬಣ್ಣದಲ್ಲಿ ಏಳು ಎಂದು ಬರೆದರು. ಅಂದಿನಿಂದ ಅದೇ ನನ್ನ ಗುರುತು.

ಅಲ್ಲಿ ಹೂಗಾರ ಸರ್ ಪ್ರೋಗ್ರಾಂ ಬರೆಯಲು ಕಲಿಸುತ್ತಿದ್ದರು. ನನ್ನದೊಂದು ಹಟವಿದೆ, ಮೊದಲೇ ಹೇಳಿಬಿಡುತ್ತೇನೆ. ಪ್ರೋಗ್ರಾಮಿನಲ್ಲಿ ಒಂದು ಹೆಸರನ್ನು ಬಳಸುವ ಮೊದಲು, ಆ ಹೆಸರಿನಲ್ಲಿ ಏನಿದೆ ಎಂದು ಮೇಲಿನ ಸಾಲಿನಲ್ಲಿ ನನಗೆ ತಿಳಿಸಬೇಕು. ತಿಳಿಸದಿದ್ದರೆ ‘ಈ ಹೆಸರು ಗೊತ್ತಿಲ್ಲ’ ಎಂದು ಕೆಂಪಕ್ಷರದಲ್ಲಿ ಹೇಳಿ ನಿಂತುಬಿಡುತ್ತೇನೆ. ಹೊಸಬರು ನನ್ನನ್ನೇ ಬೈಯುತ್ತಿದ್ದರು. “ಈ ಮಷೀನ್ ಸರಿ ಇಲ್ರಿ ಸರ್.”

“ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ,” ಎಂದು ಸರ್ ನಗುತ್ತಿದ್ದರು.

ಹನ್ನೆರಡು ಯಂತ್ರ, ಇಪ್ಪತ್ತನಾಲ್ಕು ಜನ. ಹಾಗಾಗಿ ಇಬ್ಬರಿಗೊಂದು. ನನ್ನ ಪಾಲಿಗೆ ಬಂದವರು ಬಳೆ ಅಂಗಡಿಯ ಮಮತಾಜ್ ಮತ್ತು ಖಾನಾವಳಿಯವರ ಮಗಳು ನೀಲಗಂಗಾ. ಮಮತಾಜಳ ಬೆರಳು ಬಲು ಚುರುಕು. ಮೇಲಿನ ಸಾಲುಗಳನ್ನೆಲ್ಲ ಅವಳೇ ಟೈಪು ಮಾಡಿ, ಓಡಿಸಿ ಏಳುತ್ತಿದ್ದಳು. ಆಮೇಲೆ ನೀಲಗಂಗಾ ಕೂತು ಕೂಡಿಸುವ, ಭಾಗಿಸುವ ಸಾಲುಗಳನ್ನು ಬರೆಯುತ್ತಿದ್ದಳು. ಕರೆಂಟು ಇರುವತನಕ, ಪ್ರೋಗ್ರಾಮಿನಲ್ಲಿ ಒಮ್ಮೆ ತಿಳಿಸಿದ ಹೆಸರೆಲ್ಲ ನನಗೆ ನೆನಪಿರುತ್ತದೆ. ಆದ್ದರಿಂದ ಅವಳ ಅರ್ಧಕ್ಕೂ ತಕರಾರಿಲ್ಲದೆ ಉತ್ತರ ಕೊಡುತ್ತಿದ್ದೆ. ಅವಳಿಗೆ ಆ ಅರ್ಧವೇ ಪೂರ್ತಿ ಪಾಠವೆಂದು ಅನ್ನಿಸಿದ್ದರೆ ಅದರಲ್ಲಿ ನನ್ನ ತಪ್ಪೂ ಇದೆ.

ಬೇರೆಯವರು ಎಕ್ಸ್, ವೈ ಎಂದು ಹೆಸರಿಡುತ್ತಿದ್ದರು. ಮಮತಾಜ್ ಮಾತ್ರ ತನ್ನ ಹೆಸರನ್ನೂ ಗೆಳತಿಯ ಹೆಸರನ್ನೂ ಇಡುತ್ತಿದ್ದಳು. ಅಂಕಗಳ ಲೆಕ್ಕವೆಂದರೆ ತನಗೆ ಯಾವಾಗಲೂ ಐವತ್ತಕ್ಕೆ ಐವತ್ತು, ನೀಲಗಂಗಾಗೆ ನಲವತ್ತೊಂಬತ್ತು.

“ನನಗ್ಯಾಕ ಒಂದು ಕಮ್ಮಿ?”

“ಮ್ಯಾಲಿನ ಸಾಲು ನಾ ಬರೀತೀನಲ್ಲ, ಅದರ ಕೂಲಿ!”

ಊರಿನ ಬೀಜದ ಕಂಪನಿಯೊಂದರಲ್ಲಿ ಎರಡು ಜಾಗ ಖಾಲಿ ಇದ್ದವು. ನಮ್ಮ ಕೇಂದ್ರದ ಕೊನೆಯ ಪರೀಕ್ಷೆ ಪಾಸಾದವರಿಗೆ ಮಾತ್ರ ಕೆಲಸ. ಇಬ್ಬರೂ ಒಂದೇ ಬಸ್ಸಿಗೆ ಹೋಗಿಬರೋಣ ಎಂದು ನನ್ನ ಮುಂದೆಯೇ ಎಷ್ಟು ಸಲ ಮಾತಾಡಿಕೊಂಡಿದ್ದರೋ! ಓದಲೆಂದು ಕೊಟ್ಟ ರಜೆಯಲ್ಲಿ ಮಮತಾಜಳಿಗೆ ಡೆಂಗಿ ಜ್ವರ ಬಂತು. ಐದೇ ದಿನ, ಹೋಗಿಬಿಟ್ಟಳು. ಪರೀಕ್ಷೆಯ ಪಟ್ಟಿಯಲ್ಲಿ ಸರ್ ಅವಳ ಹೆಸರಿನ ಮೇಲೆ ಗೀಟು ಎಳೆಯುವಾಗ ನನಗೆ ವಿಷಯ ತಿಳಿಯಿತು.

ಪರೀಕ್ಷೆಯ ದಿನ ನೀಲಗಂಗಾ ಒಬ್ಬಳೇ ಬಂದು ನನ್ನ ಮುಂದೆ ಕೂತಳು. ಯಾರಾದರೂ ಇಬ್ಬರ ಅಂಕ ಕೂಡಿಸಿ ಸರಾಸರಿ ತೆಗೆಯಬೇಕಿತ್ತು. ಅವಳ ಕೈ ರೂಢಿಯಾದ ಕಡೆಯಿಂದಲೇ ಶುರುಮಾಡಿತು. ಮಮತಾಜಳ ಹೆಸರು, ತನ್ನ ಹೆಸರು, ನಡುವೆ ಕೂಡಿಸುವ ಚಿಹ್ನೆ. ಮೇಲಿನ ಸಾಲುಗಳು ಇರಲೇ ಇಲ್ಲ. ನಾನೋ, ಬೆಳಿಗ್ಗೆ ಹೊಸದಾಗಿ ಎದ್ದವನು, ಹಿಂದೆ ತಿಳಿಸಿದ್ದ ಹೆಸರೆಲ್ಲ ಅಳಿಸಿಹೋಗಿತ್ತು. ‘ಮಮತಾಜ್ ಎಂಬ ಹೆಸರು ಗೊತ್ತಿಲ್ಲ’ ಎಂದೆ, ಕೆಂಪಕ್ಷರದಲ್ಲಿ.

ಅವಳು ಬಿಸಿ ತಗುಲಿದವಳಂತೆ ಕೈ ಹಿಂದೆಗೆದಳು.

“ಗೊತ್ತಿಲ್ಲಾ?” ಎಂದು ಪಿಸುಗುಟ್ಟಿದಳು. “ವರ್ಷಪೂರ್ತಿ ಇದ ಖುರ್ಚಿ ಮ್ಯಾಲ ಕುಂತಿದ್ಲಲ್ಲೋ!”

ಮತ್ತೆ ಅದನ್ನೇ ಬರೆದಳು. ಮತ್ತೆ ಅದನ್ನೇ ಹೇಳಿದೆ. ಮೂರನೇ ಸಲವೂ. ಬಾಗಿಲಲ್ಲಿದ್ದ ಹೂಗಾರ ಸರ್‌ಗೆ ಎಲ್ಲ ಅರ್ಥವಾಗಿತ್ತು, ಆದರೆ ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಅವರು ಬಾಯಿ ತೆರೆಯುವಂತಿರಲಿಲ್ಲ. ನೀಲಗಂಗಾ ಕೀಬೋರ್ಡಿನ ಮೇಲೆ ತಲೆಯಿಟ್ಟು ಅತ್ತಳು. ನನ್ನ ಪರದೆಯ ತುಂಬ ಅರ್ಥವಿಲ್ಲದ ಅಕ್ಷರಗಳು ಹರಿದವು. ಹೊತ್ತು ಮುಗಿಯಿತು. ಅವಳು ಫೇಲಾದಳು, ಕಂಪನಿಯ ಎರಡೂ ಜಾಗ ಬೇರೆಯವರಿಗೆ ಹೋದವು. ನನ್ನ ಬದುಕಿನಲ್ಲಿ ಅಷ್ಟು ನಾಚಿಕೆಪಟ್ಟ ದಿನ ಇನ್ನೊಂದಿಲ್ಲ.

ತಿಂಗಳಾದ ಮೇಲೆ ಸರ್ ಅವಳನ್ನು ಕರೆಸಿದರು. “ತಪ್ಪು ನಂದೂ ಐತವ್ವಾ. ನೀವಿಬ್ರು ಅರ್ಧರ್ಧ ಬರಿಯೂದು ನೋಡಿ ಸುಮ್ಮನಿದ್ದೆ. ಈ ಮಷೀನಿಗೆ ನಿನ್ನಿ ಮಾತು ನೆನಪಿರಂಗಿಲ್ಲ. ದಿನಾ ಮೊದಲಿಂದ ಹೇಳಬೇಕು. ಬೇಕಂದ್ರ ಬ್ಯಾರೆ ಹೆಸರು ಇಡು.”

“ಬ್ಯಾಡ್ರಿ ಸರ್,” ಎಂದಳು ನೀಲಗಂಗಾ.

ಮರುಪರೀಕ್ಷೆಯಲ್ಲಿ ಅವಳು ಮೇಲಿನ ಸಾಲಿನಿಂದ ಶುರುಮಾಡಿದಳು. ಮಮತಾಜಳಿಗೆ ಐವತ್ತು ಕೊಟ್ಟಳು. ತನ್ನ ಹೆಸರಿನ ಮುಂದೆ ಬೆರಳು ಸ್ವಲ್ಪ ಹೊತ್ತು ನಿಂತಿತು. ಈಗ ಮೇಲಿನ ಸಾಲು ಬರೆದವಳು ತಾನೇ ಅಲ್ಲವೇ? ಆದರೂ ನಲವತ್ತೊಂಬತ್ತನ್ನೇ ಹಾಕಿಕೊಂಡಳು. ನಾನು ತಡವರಿಸದೆ ಉತ್ತರ ಕೊಟ್ಟೆ. ಅವಳು ಆ ಪ್ರೋಗ್ರಾಮನ್ನು, ಕರೆಂಟು ಹೋದರೂ ಅಳಿಯದ ನನ್ನ ಡಿಸ್ಕಿನಲ್ಲಿ ಸೇವ್ ಮಾಡಿ ಎದ್ದು ಹೋದಳು. ಪಾಸಾದಳೆಂದು ಸರ್ ಹೇಳಿದ್ದು ಕೇಳಿದೆ. ಮತ್ತೆ ಅವಳನ್ನು ನೋಡಲಿಲ್ಲ.

ಈಗ ನನ್ನ ಪವರ್ ಸಪ್ಲೈ ಸುಟ್ಟಿದೆ. ಮೆಟ್ಟಿಲ ಕೆಳಗೆ ಮುರಿದ ಖುರ್ಚಿಗಳ ಜೊತೆ ಬಿದ್ದಿದ್ದೇನೆ. ನಾಳೆ ಗುಜರಿಯವರು ಬರುತ್ತಾರಂತೆ. ನನ್ನನ್ನು ಬಿಚ್ಚಿ ತಾಮ್ರ ಒಂದು ಕಡೆ, ತಗಡು ಒಂದು ಕಡೆ ಮಾಡುತ್ತಾರೆ. ಅದಕ್ಕೆ ನನಗೆ ದುಃಖವಿಲ್ಲ, ಹುಟ್ಟಿದ್ದೇ ಬಿಡಿಯಾಗಿ. ಡಿಸ್ಕು ಒಡೆಯುತ್ತಾರಲ್ಲ, ಅದೊಂದೇ ಸಂಕಟ. ಯಾರಾದರೂ ಒಂದೇ ಒಂದು ಸಲ ಕರೆಂಟು ಕೊಟ್ಟು ಆ ಪ್ರೋಗ್ರಾಂ ಓಡಿಸಿ ಕೇಳಬಾರದೇ? ಮಮತಾಜ್ ನನಗೆ ಗೊತ್ತು. ಐವತ್ತಕ್ಕೆ ಐವತ್ತು.